ಎರಡು ಮೊನೆಗಳ ಮಾತು

ಬಂಟ್ವಾಳ

ತರುಣ ಮಿತ್ರನೆ, 

ಬೆಳ್ತಂಗಡಿಯ ಮನೆಯ ಹಳೆಯ ಹಟ್ಟಿಯನ್ನು ಗುಡಿಸಿ ಅಲ್ಲಿ ಪುಟ್ಟದೊಂದು ಲೇತನ್ನು ತಂದಿರಿಸಿರುವೆಯೆಂದೂ, ಮರದ ಪೆನ್ನು ಕಡೆಯುವುದಕ್ಕೆ ಯಾವ ಉಳಿ ಉತ್ತಮವೆಂಬುದನ್ನು ಕೂಡಲೇ ತಿಳಿಸಬೇಕೆಂದೂ ಬರೆದಿರುವೆ. ಉಳಿಯ ಮಾತಿಗೆ ಅವಸರವಿಲ್ಲ. ಮೊದಲ ವಾರ ನೀನು ಮರವನ್ನು ಮುಟ್ಟತಕ್ಕದ್ದೇ ಅಲ್ಲ; ಏಕೆಂಬುದನ್ನು ಲೇಖನಿಯ ಹಳೆಯ ಕಥೆಯಿಂದಲೇ ತಿಳಿಸುತ್ತೇನೆ.

ತಾಳೆಗರಿಯ ಗ್ರಂಥಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವ ಮೂಡುಬಿದಿರೆ ನಿನಗೆ ದೂರವೇನಲ್ಲವಷ್ಟೆ. ಕಂಠವೆಂಬ ಕಬ್ಬಿಣದ ಕಡ್ಡಿಯಿಂದ ಗರಿಯನ್ನು ಗೀರಿ ಬರೆಯುತ್ತಿದ್ದ ಕಾಲದಲ್ಲಿ ಲೇಖನಿಯ ಮೈ ದುಂಡಗಿದೆಯೋ ಇಲ್ಲವೋ ಎಂದು ವಿಚಾರಿಸಿದವರಿರಲಾರರು. ಮಸಿಯನ್ನು ಒಡಲಲ್ಲಿಟ್ಟುಕೊಳ್ಳುವ ಪೆನ್ನು ಬಂದ ಮೇಲೆ ಮಾತ್ರ ಒಳಗಿನ ಕೊಳವೆಗೂ ಹೊರಗಿನ ಮೈಗೂ ಒಂದೇ ಅಕ್ಷವಿರಬೇಕೆಂಬ ನಿಯಮವು ಅನಿವಾರ್ಯವಾಯಿತು. ರಾಜಮಹೇಂದ್ರಿಯ ರತ್ನಂ ಅವರು ಎಬೊನೈಟೆಂಬ ಗಟ್ಟಿ ರಬ್ಬರನ್ನು ಕಡೆದು ಮಾಡಿದ ಸ್ವದೇಶಿ ಪೆನ್ನಿಗಾಗಿ ಗಾಂಧೀಜಿಯವರು 1935ರಲ್ಲಿ ಕೃತಜ್ಞತೆಯ ಪತ್ರ ಬರೆದರಲ್ಲವೆ, ಆ ಪೆನ್ನಿಗೂ ಇದೇ ನಿಯಮ.

ಲೇತಿನಲ್ಲಿ ಈ ಅಕ್ಷವನ್ನು ನೀನು ಕಾಣುವುದು ಹೇಗೆ? ಮರವನ್ನು ತಿರುಗಿಸುವ ಹೆಡ್‌ಸ್ಟಾಕಿಗೊಂದು, ಅದರೆದುರು ಸರಿಯುವ ಟೇಲ್‌ಸ್ಟಾಕಿಗೊಂದು ಮೊನೆಯುಳ್ಳ ಸೆಂಟರನ್ನು ಕೂರಿಸಿ, ಅದಕ್ಕೆ ಮೊದಲು ಅವು ಕೂರುವ ರಂಧ್ರಗಳಲ್ಲಿ ಒಂದು ಹೊಟ್ಟಿನ ಕಣವೂ ಉಳಿಯದಂತೆ ಒರಸಿ, ಟೇಲ್‌ಸ್ಟಾಕನ್ನು ಮೆಲ್ಲನೆ ಸರಿಸಿ ಎರಡು ಮೊನೆಗಳನ್ನೂ ಒಂದಕ್ಕೊಂದು ಇನ್ನೇನು ತಾಗುವಷ್ಟು ಸಮೀಪಕ್ಕೆ ತಂದು, ಹಿಂದೆ ಒಂದು ಬಿಳಿಯ ಕಾಗದವನ್ನು ಹಿಡಿದು, ಮೇಲಿನಿಂದಲೂ ಮುಂದಿನಿಂದಲೂ ನೋಡು. ಮೊನೆಗಳು ನೇರ ಎದುರಾಗದೆ ಕೂದಲೆಳೆಯಷ್ಟು ಅತ್ತಿತ್ತ ಸರಿದು ಕಂಡರೂ ಲೇತನ್ನು ನಿಂದಿಸಬೇಡ. ಬಹುಮಟ್ಟಿಗೆ ದೋಷವಿರುವುದು ಅದು ಕುಳಿತಿರುವ ಮೇಜಿನಲ್ಲಿ. ಹಟ್ಟಿಯ ಮುರಕಲ್ಲಿನ ನೆಲ ಸಮನಾಗಿರುವುದಿಲ್ಲ. ಮೇಜು ತಿರುಚಿಕೊಂಡಿರುವಾಗ ಬೋಲ್ಟುಗಳನ್ನು ಬಿಗಿದರೆ ಲೇತಿನ ಹಾಸೂ ಅದರೊಡನೆ ತಿರುಚುತ್ತದೆ. ಬೋಲ್ಟುಗಳನ್ನು ಸಡಿಲಿಸಿ, ಲೇತಿನ ಎದ್ದಿರುವ ಕಾಲಿನ ಅಡಿಗೆ ತಗಡಿನ ಚೂರನ್ನಿಟ್ಟು, ಮೊನೆಗಳನ್ನು ನೋಡುತ್ತ ನೋಡುತ್ತ ಬಿಗಿ. ಅಕ್ಷವು ನಿನ್ನ ಮೊಣಕೈಯ ಮಟ್ಟಕ್ಕಿರಲಿ; ಮೇಜಿನ ಕೆಳಗಿನ ಹಲಗೆಯ ಮೇಲೆ ಎರಡು ಚೀಲ ಮರಳನ್ನಿಟ್ಟರೆ ನಡುಕವೂ ತಗ್ಗುವುದು.

ನನ್ನ ಮೊದಲ ಪೆನ್ನುಗಳೆಲ್ಲ ಮೊಟ್ಟೆಯಾಕಾರದವು. ಲೋಹದ ತುದಿಯೂ ಮರವೂ ಕೂಡುವಲ್ಲಿ ಬೆರಳನ್ನು ಸುತ್ತಾಡಿಸಿದರೆ ಒಂದು ಬದಿಯಲ್ಲಿ ನುಣುಪು, ಎದುರು ಬದಿಯಲ್ಲಿ ಉಗುರು ತಡೆಯುವ ಮೆಟ್ಟಿಲು! ಮರ ಹಸಿಯೆಂದೆ, ಮಳೆಗಾಲವೆಂದೆ, ಉಳಿ ಮಾರಿದವನನ್ನೂ ಬೈದೆ. ಕೊನೆಗೆ ತಿಳಿದುದು ಇಷ್ಟೆ: 7 ಮಿ.ಮೀ. ಹಿತ್ತಾಳೆಯ ಕೊಳವೆಯಂಟಿಸಿದ ಮರದ ತುಂಡುಗಳನ್ನು ಪೋಣಿಸುವ ಆ ಸಪೂರ ಮ್ಯಾಂಡ್ರೆಲನ್ನು, ಜಾರೀತೆಂಬ ಭಯದಿಂದ, ಟೇಲ್‌ಸ್ಟಾಕಿನಿಂದ ಅತಿಯಾಗಿ ಒತ್ತುತ್ತಿದ್ದೆ. ಸರಳು ಬಿಲ್ಲಿನಂತೆ ಬಾಗಿ ತಿರುಗುತ್ತಿತ್ತು. ಬೆರಳ ಬಲಕ್ಕೆ ಬಿಗಿಯಾದರೆ ಸಾಕು.

ಉಳಿಗೆ ಆಸರೆಯಾಗುವ ಟೂಲ್‌ರೆಸ್ಟು ಮರದಿಂದ 3 ಮಿ.ಮೀ. ದೂರದಲ್ಲಿರಲಿ, ಸ್ವಿಚ್ಚು ಹಾಕುವ ಮುನ್ನ ಕೈಯಿಂದಲೇ ಒಂದು ಸುತ್ತು ತಿರುಗಿಸಿ ಎಲ್ಲಿಯೂ ತಾಗದೆಂದು ನೋಡಿಕೊ. ಚೌಕ ತುಂಡು ದುಂಡಾಗುವ ತನಕ ನಿಮಿಷಕ್ಕೆ ಸುಮಾರು 1500 ಸುತ್ತು ಸಾಲದೆ? ಹೆಗಲಿನ ಬೈರಾಸು, ಅಗಲ ತೋಳಿನ ಅಂಗಿ, ಇವು ಹಟ್ಟಿಯ ಹೊರಗೇ ಉಳಿಯತಕ್ಕವು; ಕಣ್ಣು ಕಾಯುವ ಕನ್ನಡಕ ಮಾತ್ರ ಒಳಗೆ.

ಮರಕ್ಕೆ ಬೀಟೆಯನ್ನು ಕೇಳಿರುವೆ. ಈಗ ಬೇಡ, ಅದರ ಧೂಳು ಕೆಲವರ ಚರ್ಮಕ್ಕೂ ಉಸಿರಿಗೂ ಒಗ್ಗದು. ಚನ್ನಪಟ್ಟಣದ ಬೊಂಬೆಗಾರರು ಕಡೆಯುವ ಹಾಲೆಮರ ಮೃದುವೆಂದು ಕೇಳಿ, ಆಟಿ ಅಮಾವಾಸ್ಯೆಗೆ ಕಷಾಯಕ್ಕೆಂದು ತೊಗಟೆ ಕೆತ್ತುವ ನಮ್ಮ ಹಾಲೆಯನ್ನು ಕಡಿದುಬಿಟ್ಟೀಯೆ! ಹೆಸರು ಒಂದೇ, ಮರ ಬೇರೆ. ಹಲಸಿನ ಒಣ ತುಂಡುಗಳು ನಮ್ಮ ಅಟ್ಟದಲ್ಲಿವೆ. ಬರುವ ಭಾನುವಾರ ಅವುಗಳೊಡನೆ ಬರುತ್ತೇನೆ. ಬಿಳಿಯ ಕಾಗದವನ್ನು ಸಿದ್ಧವಾಗಿಡು, ಮೊದಲು ಮೊನೆಗಳನ್ನು ನೋಡುವೆ.