ನಗರದ ಚಿತ್ರಶಾಲೆಗಳು

ಮನೆಯ ಅಂಗಳವನ್ನು ಸಾರಿಸಿ ರಂಗವಲ್ಲಿಯಿಡುವ ಗೃಹಿಣಿಯೂ, ಮಲೆನಾಡಿನ ಕೆಮ್ಮಣ್ಣಿನ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುವ ಹೆಣ್ಣುಮಗಳೂ, ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಮಾಳಿಗೆಯಲ್ಲಿ ಬಣ್ಣದ ಚಿತ್ರಗಳನ್ನು ಬಿಡಿಸಿದ ಹೆಸರರಿಯದ ಕಲಾವಿದರೂ ತಮ್ಮ ಕೃತಿಗಳನ್ನು ನೋಡಬನ್ನಿರೆಂದು ಯಾರನ್ನೂ ಕರೆಯಲಿಲ್ಲ. ಜನರು ನಡೆದಾಡುವ ಎಡೆಯಲ್ಲಿಯೇ ಆ ಕಲೆ ನೆಲೆಸಿತ್ತು. ದೇವರ ದರ್ಶನಕ್ಕೆ ಬಂದವನು ಚಿತ್ರವನ್ನೂ ನೋಡುತ್ತಿದ್ದನು; ನೆಂಟರ ಮನೆಗೆ ಬಂದವನು ಚಿತ್ತಾರವನ್ನೂ ಮೆಚ್ಚುತ್ತಿದ್ದನು. ನಗರಗಳು ಬೆಳೆದಂತೆ ಕಲೆಗೆ ಬೇರೊಂದು ಮನೆ ಬೇಕಾಯಿತು. ಚಿತ್ರಶಾಲೆ, ವಸ್ತುಸಂಗ್ರಹಾಲಯ, ಕಲಾಪ್ರದರ್ಶನ ಎಂಬ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವುವು ಇಂತಹ ಮನೆಗಳೇ. ಆದರೆ ಈ ಮನೆಗಳ ಬಾಗಿಲಲ್ಲಿ ನಿಂತು, ‘ಇದು ಬಲ್ಲವರಿಗೆ, ಸಿರಿವಂತರಿಗೆ, ನಮ್ಮಂಥವರಿಗಲ್ಲ’ ಎಂದು ಹಿಂದಿರುಗುವವರು ಅನೇಕರು. ಈ ಅಂಜಿಕೆ ನಿರಾಧಾರವಾದುದೆಂಬುದನ್ನು ಬೆಂಗಳೂರು ನಗರವೊಂದನ್ನು ಸುತ್ತಿಬಂದರೂ ತಿಳಿಯಬಹುದು.

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ, ಕಬ್ಬನ್ ಉದ್ಯಾನದ ಅಂಚಿನಲ್ಲಿ, ಕೆಂಪುಬಣ್ಣದ ಕಂಬಗಳ ಕಟ್ಟಡವೊಂದಿದೆ. 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯ ಅದು. ಅದರ ಸಂಗ್ರಹದಲ್ಲಿರುವ ಆತಕೂರಿನ ಕಲ್ಲು ಕನ್ನಡಿಗರೆಲ್ಲರೂ ನೋಡತಕ್ಕದ್ದು. ಕ್ರಿ. ಶ. 949ರ ಈ ಶಾಸನವು ತಕ್ಕೋಲದ ಯುದ್ಧದ ಸಂಗತಿಯನ್ನು ತಿಳಿಸುತ್ತದೆ. ಗಂಗ ಬೂತುಗನ ಸೇವಕನಾದ ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಹೊನ್ನನ್ನು ಬೇಡದೆ, ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಕಾಡುಹಂದಿಯೊಂದರೊಡನೆ ಕಾದಾಡಿತು, ಎರಡೂ ಮಡಿದವು. ಅದರ ನೆನಪಿಗೆ ನಿಲ್ಲಿಸಿದ ಈ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುತ್ತಿರುವ ಶಿಲ್ಪವಿದೆ. ಸಾವಿರ ವರ್ಷಗಳ ಹಿಂದಿನ ಒಬ್ಬ ಯೋಧನ ದುಃಖವನ್ನು ಇಂದಿನ ಬಾಲಕನಿಗೂ ಮುಟ್ಟಿಸುವ ಶಕ್ತಿ ಆ ಉಬ್ಬುಶಿಲ್ಪಕ್ಕಿದೆ. ಅದನ್ನು ಅರಿಯಲು ಪಾಂಡಿತ್ಯವೇನೂ ಬೇಕಿಲ್ಲ. ಸಾಕಿದ ಪ್ರಾಣಿಯನ್ನು ಪ್ರೀತಿಸಿದ ಹೃದಯವಿದ್ದರೆ ಸಾಕು.

ಇದರ ನೆರೆಯಲ್ಲಿಯೇ, 1970ರ ದಶಕದಲ್ಲಿ, ವೆಂಕಟಪ್ಪ ಚಿತ್ರಶಾಲೆಯ ಕಟ್ಟಡವು ಸಿದ್ಧವಾಯಿತು. ಕೆ. ವೆಂಕಟಪ್ಪನವರು (1886–1965) ಮೈಸೂರಿನ ಆಸ್ಥಾನ ಚಿತ್ರಕಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಗೆ ತೆರಳಿ ಅವನೀಂದ್ರನಾಥ ಠಾಕೂರರ ಶಿಷ್ಯರಾದರು. ಊಟಿ ಮತ್ತು ಕೊಡೈಕನಾಲುಗಳ ಬೆಟ್ಟ, ಮಂಜು, ಬೆಳಕುಗಳನ್ನು ಅವರು ಜಲವರ್ಣದಲ್ಲಿ ಸೆರೆಹಿಡಿದ ಬಗೆ ಅಸಾಧಾರಣವಾದುದು. ಮೈಸೂರು ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನೂ ಮಾಡಿದರು. ವೀಣಾವಾದನದಲ್ಲಿಯೂ ಪರಿಶ್ರಮ ಪಡೆದರು. ಅವರ ಹೆಸರಿನ ಚಿತ್ರಶಾಲೆಯು ಹಿರಿಯರ ಕೃತಿಗಳನ್ನು ಕಾಪಾಡಿದುದಲ್ಲದೆ, ಅಲ್ಪ ಬಾಡಿಗೆಗೆ ತನ್ನ ಕೊಠಡಿಗಳನ್ನು ಕೊಟ್ಟು ಎಷ್ಟೋ ಮಂದಿ ತರುಣ ಕಲಾವಿದರ ಮೊದಲ ಪ್ರದರ್ಶನಕ್ಕೆ ಆಶ್ರಯವಾಯಿತು. ಈ ಕಾರಣದಿಂದಲೇ, ಚಿತ್ರಶಾಲೆಯ ನಿರ್ವಹಣೆಯಲ್ಲಿ ಖಾಸಗಿ ಸಂಸ್ಥೆಯೊಂದನ್ನು ಸೇರಿಸಿಕೊಳ್ಳುವ ಯೋಜನೆ ಬಂದಾಗ, 2016ರಲ್ಲಿ ಕಲಾವಿದರು ಒಂದಾಗಿ ಸೇರಿ, ಅದು ಸಾರ್ವಜನಿಕರ ಸ್ವತ್ತಾಗಿಯೇ ಉಳಿಯಬೇಕೆಂದು ಒತ್ತಾಯಿಸಿದರು. ಚಿತ್ರಶಾಲೆ ಯಾರದು ಎಂಬ ಪ್ರಶ್ನೆ ಅಂದು ಊರಿನ ಮುಂದೆ ಬಂದಿತು. ಸ್ವತ್ತು ಎಲ್ಲರದಾಗಿ ಉಳಿಯಬೇಕಾದರೆ ಎಲ್ಲರೂ ಅಲ್ಲಿಗೆ ಹೋಗುತ್ತಿರಬೇಕು. ಜನರು ಕಾಲಿಡದ ಕೆರೆಯಲ್ಲಿ ಹೂಳು ತುಂಬುವಂತೆ, ನೋಡುವವರಿಲ್ಲದ ಚಿತ್ರಶಾಲೆಯಲ್ಲಿ ಧೂಳು ತುಂಬುತ್ತದೆ.

ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತು 1960ರಲ್ಲಿ ಪ್ರಾರಂಭವಾಯಿತು. ಎಂ. ಎಸ್. ನಂಜುಂಡರಾಯರ ಅವಿರತ ದುಡಿಮೆಯ ಫಲವಾಗಿ ಅದು ಬೆಳೆಯಿತು. ಮೈಸೂರು ಸಂಪ್ರದಾಯದ ಚಿತ್ರಗಳು, ಹಳ್ಳಿಗಳಿಂದ ಸಂಗ್ರಹಿಸಿದ ತೊಗಲುಗೊಂಬೆಗಳು, ಬೆಂಗಳೂರಿನ ಸಮೀಪದ ತಾತಗುಣಿಯಲ್ಲಿ ನೆಲೆಸಿದ್ದ ರಷ್ಯನ್ ಮೂಲದ ಚಿತ್ರಕಾರ ಸ್ವೆತಾಸ್ಲಾವ್ ರೋರಿಕ್‌ರ ವರ್ಣಚಿತ್ರಗಳು ಇವೆಲ್ಲವೂ ಅಲ್ಲಿ ಒಂದೇ ಸೂರಿನಡಿಯಲ್ಲಿವೆ. ಗೊಂಬೆರಾಮರು ಕಂದೀಲಿನ ಬೆಳಕಿನಲ್ಲಿ ಕುಣಿಸುತ್ತಿದ್ದ ಹನುಮಂತನನ್ನೂ ಹಿಮಾಲಯದ ನೀಲಿಯನ್ನೂ ಒಂದೇ ಮಧ್ಯಾಹ್ನದಲ್ಲಿ ನೋಡುವ ಭಾಗ್ಯ ಅಲ್ಲಿ ಲಭಿಸುತ್ತದೆ. 2003ರಿಂದ ಪರಿಷತ್ತು ‘ಚಿತ್ರಸಂತೆ’ಯನ್ನು ನಡೆಸುತ್ತ ಬಂದಿದೆ. ಸಾಮಾನ್ಯವಾಗಿ ಜನವರಿ ತಿಂಗಳ ಒಂದು ಭಾನುವಾರ ವಾಹನಗಳ ಸಂಚಾರವನ್ನು ನಿಲ್ಲಿಸಲಾಗುತ್ತದೆ. ರಸ್ತೆಯ ಇಕ್ಕೆಲಗಳಲ್ಲಿಯೂ ದೇಶದ ನಾನಾ ಭಾಗಗಳ ಕಲಾವಿದರು ತಮ್ಮ ಚಿತ್ರಗಳನ್ನು ಹರಡಿ ಕುಳಿತಿರುತ್ತಾರೆ. ಸೊಪ್ಪು, ಕಾಯಿಗಳ ಸಂತೆಯಲ್ಲಿ ರೈತನನ್ನೇ ಮಾತನಾಡಿಸುವಂತೆ ಇಲ್ಲಿ ಚಿತ್ರ ಬರೆದವರನ್ನೇ ಮಾತನಾಡಿಸಬಹುದು. ‘ಈ ಮರಕ್ಕೆ ಕೆಂಪು ಬಣ್ಣವನ್ನೇಕೆ ಹಚ್ಚಿದಿರಿ?’ ಎಂದು ಬಾಲಕನೊಬ್ಬನು ಕೇಳಿದರೂ ಉತ್ತರ ದೊರೆಯುತ್ತದೆ.

ಅರಮನೆ ರಸ್ತೆಯ ಮಾಣಿಕ್ಯವೇಲು ಭವನದಲ್ಲಿ 2009ರಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವು ಹಳೆಯ ಬಂಗಲೆಯೊಂದು ಹೊಸ ಕಲೆಗೆ ನೆಲೆಯಾದ ಉದಾಹರಣೆ. ಕಸ್ತೂರಬಾ ರಸ್ತೆಯಲ್ಲಿಯೇ 2023ರಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಸಂಗ್ರಹಾಲಯವೊಂದು ಬಾಗಿಲು ತೆರೆಯಿತು.

ಇಂದಿನ ಪ್ರದರ್ಶನಗಳಲ್ಲಿ ಚೌಕಟ್ಟಿನ ಚಿತ್ರಗಳಲ್ಲದೆ ಬೇರೊಂದು ಬಗೆಯ ಕೃತಿಗಳೂ ಕಾಣಸಿಗುತ್ತವೆ. ಒಂದು ಕೋಣೆಯನ್ನೋ ಬಯಲನ್ನೋ ವಸ್ತುಗಳಿಂದ ಸಜ್ಜುಗೊಳಿಸಿ, ನೋಡುಗನು ಅದರ ನಡುವೆಯೇ ನಡೆದಾಡುವಂತೆ ಮಾಡುವ ಈ ಬಗೆಗೆ ಪ್ರತಿಷ್ಠಾಪನ ಕಲೆ ಎಂದು ಹೆಸರು. ಮೊದಲ ನೋಟಕ್ಕೆ ಇದು ವಿಚಿತ್ರವಾಗಿ ತೋರಬಹುದು. 1957ರಲ್ಲಿ ಭದ್ರಾವತಿಯಲ್ಲಿ ಜನಿಸಿದ ಶೀಲಾ ಗೌಡ ಅವರ ‘ಬಿಹೋಲ್ಡ್’ ಎಂಬ ಕೃತಿಯನ್ನೇ ನೋಡಬಹುದು. ದೃಷ್ಟಿ ತಾಗದಿರಲೆಂದು ವಾಹನಗಳಿಗೆ ಕೂದಲಿನ ಹಗ್ಗವನ್ನು ಕಟ್ಟುವ ರೂಢಿ ನಮ್ಮಲ್ಲಿದೆ. ಇಂತಹ ಹಗ್ಗವನ್ನೇ ಸುಮಾರು 4 ಕಿಲೋಮೀಟರಿನಷ್ಟು ಬಳಸಿ, ಅದರಿಂದ ಕಾರುಗಳ ಉಕ್ಕಿನ ಬಂಪರುಗಳನ್ನು ಗೋಡೆಗೆ ತೂಗುಹಾಕಿ ಅವರು ಆ ಕೃತಿಯನ್ನು ರಚಿಸಿದರು. 2009ರಲ್ಲಿ ಅದು ಇಟಲಿಯ ವೆನಿಸ್ ನಗರದ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಭಾರವಾದ ಉಕ್ಕನ್ನು ಹಗುರವಾದ ಕೂದಲು ಹೊತ್ತು ನಿಂತಿದೆ. ಯಂತ್ರವನ್ನು ಮನುಷ್ಯನ ಅಂಜಿಕೆ, ನಂಬಿಕೆಗಳು ಕಾಯುತ್ತಿವೆ. ದಿನವೂ ಬೀದಿಯಲ್ಲಿ ಕಂಡರೂ ಯಾರೂ ಗಮನಿಸದ ವಸ್ತುವನ್ನು ಕಲಾವಿದೆಯ ಕಣ್ಣು ಗಮನಿಸಿತು.

ಬೀದಿಯೇ ಚಿತ್ರಶಾಲೆಯಾದ ಪ್ರಸಂಗವೂ ಉಂಟು. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡದೊಂದು ಗುಂಡಿ ಬಿದ್ದು ನೀರು ನಿಂತಿತ್ತು. ಅದು ಬಹುದಿನ ದುರಸ್ತಿಯಾಗಲಿಲ್ಲ. ಮೈಸೂರಿನ ಕಲಾವಿದ ಬಾದಲ್ ನಂಜುಂಡಸ್ವಾಮಿಯವರು ಆ ಗುಂಡಿಯಲ್ಲಿ ಜೀವಂತವೆಂದೇ ತೋರುವ ಮೊಸಳೆಯ ಪ್ರತಿಮೆಯೊಂದನ್ನು ತಂದಿರಿಸಿದರು. ಜನರು ನಿಂತು ನೋಡಿದರು, ನಕ್ಕರು, ಸುದ್ದಿ ಎಲ್ಲೆಡೆ ಹರಡಿತು, ಗುಂಡಿ ಮುಚ್ಚಿತು. 2019ರಲ್ಲಿ ಅವರು ಗಗನಯಾತ್ರಿಯ ವೇಷದ ನಟನೊಬ್ಬನನ್ನು ಹಾಳಾದ ರಸ್ತೆಯೊಂದರಲ್ಲಿ ರಾತ್ರಿಯ ಹೊತ್ತು ನಡೆಯಿಸಿ ಚಿತ್ರೀಕರಿಸಿದಾಗ, ಆ ನೆಲ ಚಂದ್ರಲೋಕದಂತೆಯೇ ಕಂಡಿತು. ಅಲ್ಲಿಯೂ ದುರಸ್ತಿಯ ಕೆಲಸ ಬೇಗನೆ ಮೊದಲಾಯಿತು. ಕೋಪದಿಂದ ಕೂಗಿದರೂ ಕೇಳದ ಕಿವಿಗೆ ಕಲೆಯು ನಗುನಗುತ್ತಲೇ ಮಾತನ್ನು ಮುಟ್ಟಿಸಿತು.

ಚಿತ್ರಶಾಲೆಯಲ್ಲಿ ನಡೆದುಕೊಳ್ಳುವ ರೀತಿಯನ್ನು ಅರಿತಿರುವುದು ಒಳ್ಳೆಯದು. ಒಂದೇ ದಿನ ಎಲ್ಲವನ್ನೂ ನೋಡಿ ಮುಗಿಸುವ ಆತುರ ಸಲ್ಲದು. ನೂರು ಚಿತ್ರಗಳ ಮುಂದೆ ಓಡುವುದಕ್ಕಿಂತ ಐದು ಚಿತ್ರಗಳ ಮುಂದೆ ನಿಲ್ಲುವುದು ಮೇಲು. ಮೊದಲು ದೂರದಿಂದ ಇಡಿಯನ್ನು ನೋಡಬೇಕು. ಬಳಿಕ ಹತ್ತಿರ ಹೋಗಿ ಕುಂಚದ ಗುರುತುಗಳನ್ನು ಗಮನಿಸಬೇಕು. ಪಕ್ಕದ ಚೀಟಿಯಲ್ಲಿ ಕಲಾವಿದನ ಹೆಸರು, ವರ್ಷ, ಮಾಧ್ಯಮಗಳಿರುತ್ತವೆ. ಚಿತ್ರವನ್ನು ನೋಡಿದ ಮೇಲೆ ಅದನ್ನು ಓದಿದರೆ ಸ್ವಂತ ಅಭಿಪ್ರಾಯಕ್ಕೆ ಅವಕಾಶವಿರುತ್ತದೆ. ಕೃತಿಗಳನ್ನು ಮುಟ್ಟಬಾರದು, ಬೆರಳಿನ ಜಿಡ್ಡು ಮತ್ತು ಬೆವರು ಅವನ್ನು ಕೆಡಿಸುತ್ತವೆ. ಜಲವರ್ಣಗಳಿರುವ ಕೋಣೆಯಲ್ಲಿ ಬೆಳಕು ಮಂದವಾಗಿರುವುದೂ ಕಾರಣವಿಲ್ಲದೆ ಅಲ್ಲ; ಪ್ರಖರವಾದ ಬೆಳಕಿಗೆ ಆ ಬಣ್ಣಗಳು ಮಾಸುತ್ತವೆ. ಚಿತ್ರವು ಅರ್ಥವಾಗದಿದ್ದರೆ ನಾಚಿಕೆಪಡಬೇಕಾಗಿಲ್ಲ. ಅರ್ಥವಾಗದ ಪದ್ಯವನ್ನು ಮತ್ತೆ ಓದುವಂತೆ, ಅರ್ಥವಾಗದ ಚಿತ್ರವನ್ನು ಮತ್ತೆ ನೋಡಬೇಕು.

ನಗರದ ಜೀವನವು ಮನುಷ್ಯನ ಕಣ್ಣನ್ನು ಅವಸರಕ್ಕೆ ಒಗ್ಗಿಸುತ್ತದೆ. ಅಂತಹ ಕಣ್ಣಿಗೆ ಗುಂಡಿಯೂ ಕಾಣದು, ಗುಲ್‌ಮೊಹರ್ ಹೂವೂ ಕಾಣದು. ನಿಂತು ನೋಡುವುದನ್ನು ಚಿತ್ರಶಾಲೆಯು ಕಲಿಸುತ್ತದೆ. ಅಲ್ಲಿ ಕಲಿತ ನೋಟವನ್ನು ಹೊತ್ತು ಬೀದಿಗಿಳಿದವನಿಗೆ ತನ್ನ ಊರು ಹೊಸದಾಗಿ ಕಾಣುತ್ತದೆ. ಅದರ ಚೆಲುವಿಗೆ ಹಿಗ್ಗುವಂತೆಯೇ ಅದರ ಕೊರತೆಗೂ ಅವನು ಮರುಗುತ್ತಾನೆ. ಉತ್ತಮ ನಾಗರಿಕನ ಲಕ್ಷಣವೂ ಇದೇ ಅಲ್ಲವೇ?

ಪದಗಳ ಅರ್ಥ

ಉಬ್ಬುಶಿಲ್ಪ – ಹಿನ್ನೆಲೆಯಿಂದ ಉಬ್ಬಿ ಕಾಣುವಂತೆ ರೂಪಿಸಿದ ಶಿಲ್ಪ; ಜಲವರ್ಣ – ನೀರಿನಲ್ಲಿ ಕಲಸಿ ಬಳಸುವ ಬಣ್ಣ; ಇಕ್ಕೆಲ – ಎರಡು ಪಕ್ಕ; ಸೆಣಸು – ಹೋರಾಡು; ಅವಿರತ – ಎಡೆಬಿಡದ; ಪ್ರಖರ – ತೀಕ್ಷ್ಣವಾದ.

ಅಭ್ಯಾಸ

1. ಆತಕೂರಿನ ಕಲ್ಲನ್ನು ಏಕೆ ನಿಲ್ಲಿಸಲಾಯಿತು?
2. ‘ಬಿಹೋಲ್ಡ್’ ಕೃತಿಯಲ್ಲಿ ಬಳಸಿರುವ ವಸ್ತುಗಳಾವುವು? ಅವು ಏನನ್ನು ಸೂಚಿಸುತ್ತವೆ?
3. “ಸ್ವತ್ತು ಎಲ್ಲರದಾಗಿ ಉಳಿಯಬೇಕಾದರೆ ಎಲ್ಲರೂ ಅಲ್ಲಿಗೆ ಹೋಗುತ್ತಿರಬೇಕು.” ಈ ಮಾತನ್ನು ಸಂದರ್ಭ ಸಹಿತ ವಿವರಿಸಿರಿ.
4. ನಿಮ್ಮ ಊರಿನ ದೇವಾಲಯ, ಮನೆ ಅಥವಾ ಬೀದಿಯಲ್ಲಿ ಕಾಣುವ ಒಂದು ಚಿತ್ರವನ್ನೋ ಶಿಲ್ಪವನ್ನೋ ಹತ್ತು ನಿಮಿಷ ನೋಡಿ, ಅದನ್ನು ಕುರಿತು ಹತ್ತು ವಾಕ್ಯಗಳನ್ನು ಬರೆಯಿರಿ.