ಕಿಟಕಿಯ ಗಾಜು: ಕೈಕಸಬು ಮತ್ತು ಕಾರ್ಖಾನೆ

ಸಯನ್‌ನ ಹಳೆಯ ಕಟ್ಟಡಗಳಲ್ಲಿ ವಾಸವಾಗಿರುವ ವಾಚಕರಿಗೆ ಮರದ ಕಿಟಕಿಗೆ ಗಾಜು ಕೂಡಿಸುವ ಕಾಚ್‌ವಾಲನ ಪರಿಚಯವುಂಟು. ವಜ್ರದ ಮೊನೆಯ ಹತಾರ, ಸಣ್ಣ ಮೊಳೆ, ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿ ನಾದಿದ ಪುಟ್ಟಿ, ಇಷ್ಟೇ ಅವನ ಬಂಡವಾಳ.

ವಜ್ರವು ಗಾಜನ್ನು ಕೊಯ್ಯುತ್ತದೆಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಅದು ಕೊಯ್ಯುವುದಿಲ್ಲ. ಗಾಜಿನ ಮೈಮೇಲೆ ಕೂದಲೆಳೆಯಂತಹ ಬಿರುಕೊಂದನ್ನು ಎಬ್ಬಿಸುತ್ತದೆ. ಗಾಜು ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಗೆರೆಯ ಎರಡು ಬದಿ ಹಿಡಿದು ಮೆಲ್ಲನೆ ಬಾಗಿಸಿದರೆ ಬಿರುಕಿನ ಬಾಯಿ ತೆರೆದು ಹಲಗೆ ಎರಡಾಗುತ್ತದೆ. ಗೆರೆ ಒಂದೇ ಸಲಕ್ಕೆ ಬೀಳಬೇಕು. ಅದರ ಮೇಲೆ ಮತ್ತೆ ಎಳೆದರೆ ಹತಾರವೂ ಕೆಡುತ್ತದೆ, ಗಾಜೂ ಅಡ್ಡಾದಿಡ್ಡಿ ಒಡೆಯುತ್ತದೆ. ನುರಿತವನು ಸದ್ದಿನಿಂದಲೇ ಒಳ್ಳೆಯ ಗೆರೆಯನ್ನು ಗುರುತಿಸುತ್ತಾನೆ.

ಹಲಗೆ ಮಾಡುವುದೂ ಒಂದು ಕಾಲಕ್ಕೆ ಉಸಿರಿನ ಕೆಲಸವೇ ಆಗಿತ್ತು. ಪಾಕವನ್ನು ಕೊಳವೆಯಿಂದ ಊದಿ ಉರುಳೆ ಮಾಡಿ, ಉದ್ದಕ್ಕೆ ಸೀಳಿ, ಬಿಸಿಯಲ್ಲಿ ಹಾಸುತ್ತಿದ್ದರು. 1959ರಲ್ಲಿ ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯು ಕರಗಿದ ತವರದ ಮೇಲೆ ಪಾಕವನ್ನು ತೇಲಿಬಿಡುವ ವಿಧಾನವನ್ನು ಪ್ರಕಟಿಸಿತು. ಈಗ ನಮ್ಮ ದೇಶದಲ್ಲೂ ಅಂತಹ ಕಾರ್ಖಾನೆಗಳಿವೆ. ಹಳೆಯ ಗಾಜಿನ ಅಲೆಗೆ ಸೊಗಸುಂಟೆಂದು ಕೆಲವರ ಮತ. ಅದರಾಚೆಯಿಂದ ಬಸ್ಸಿನ ನಂಬರು ಓದಲು ಹೆಣಗಿದವರು ಹಾಗೆನ್ನಲಾರರು.

ಕಸಬುದಾರನಿಗೆ ನಿಜವಾದ ಪೆಟ್ಟು ಕೊಟ್ಟುದು ಟಫನ್ಡ್ ಗಾಜು. ಇದನ್ನು 600 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ ಕಾಯಿಸಿ, ರಭಸದ ಗಾಳಿಯಿಂದ ಥಟ್ಟನೆ ಆರಿಸುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಆಮೇಲೆ ಒಳಗಿನದು ಕುಗ್ಗುತ್ತ ಹೊರಮೈಯನ್ನು ಒತ್ತಡದಲ್ಲಿ ಬಿಗಿಯುತ್ತದೆ. ಹೀಗಾಗಿ ಸಾಮಾನ್ಯ ಗಾಜಿಗಿಂತ ಸುಮಾರು ನಾಲ್ಕು ಪಟ್ಟು ಬಲ. ಒಡೆದರೂ ಕತ್ತಿಯಂತಹ ಚೂರಾಗದೆ ಕಾಳುಕಾಳಾಗಿ ಉದುರುತ್ತದೆ. ಮಳೆಗಾಲದ ಬಿರುಗಾಳಿಗೆ ಮಾಳಿಗೆಯ ಗಾಜು ಜನರ ತಲೆಯ ಮೇಲೆ ಬೀಳಬಹುದಾದ ಊರಿನಲ್ಲಿ ಇದೇನು ಸಣ್ಣ ಮಾತಲ್ಲ. ಆದರೆ ಒಮ್ಮೆ ಹದವಾದ ಮೇಲೆ ಅದನ್ನು ಕೊರೆಯಲಾಗದು. ಬಿರುಕು ಒಳಗಿನ ಎಳೆತವನ್ನು ಮುಟ್ಟಿದೊಡನೆ ಹಲಗೆಯೆಲ್ಲ ಪುಡಿ. ವಜ್ರದ ವಿದ್ಯೆ ಇಲ್ಲಿ ನಡೆಯುವುದಿಲ್ಲ.

ಅಳತೆಯ ವಿದ್ಯೆ ಮಾತ್ರ ಮೊದಲಿಗಿಂತ ಹೆಚ್ಚು ಬೇಕಾಗಿದೆ. ಎಷ್ಟೋ ಮಳೆಗಾಲ ಕಂಡ ಮರದ ಚೌಕಟ್ಟು ಚೌಕವಾಗಿ ಉಳಿದಿರುವುದು ಅಪರೂಪ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಗಲ; ಹಾಗೆಯೇ ಮೂರು ಕಡೆ ಎತ್ತರ; ಮೂಲೆಯಿಂದ ಮೂಲೆಗೆ ಎರಡು ಅಳತೆ. ಅಗಲ, ಎತ್ತರಗಳಲ್ಲಿ ಅತಿ ಚಿಕ್ಕದನ್ನು ಹಿಡಿದು, ಅದರಿಂದಲೂ ಎರಡು ಮೂರು ಮಿಲಿಮೀಟರ್ ಕಳೆಯಬೇಕು. ಮರ ನೀರುಂಡು ಉಬ್ಬುತ್ತದೆ. ಹಳೆಯ ಕಾಚ್‌ವಾಲನಿಗೆ ಇದು ಕೈವಶ. ಅಲ್ಯೂಮಿನಿಯಂ ಕಿಟಕಿಯ ಕೆಲಸಕ್ಕೆ ಸೇರುವ ನಮ್ಮ ಹುಡುಗರು ಮೊದಲು ಅವನ ಜೊತೆ ನಾಲ್ಕು ಮನೆ ತಿರುಗಲಿ. ಅರ್ಧ ಅಂಗುಲ ತಪ್ಪಿ ಬಂದ ಟಫನ್ಡ್ ಗಾಜು ಇನ್ನೊಂದು ಕಿಟಕಿಗೂ ಆಗುವುದಿಲ್ಲ.