ಫಾರ್ಮಸಿ ಓದಬೇಕೆ? ಫೀಸು ಕಟ್ಟುವ ಮುನ್ನ ಇಷ್ಟು ತಿಳಿದಿರಲಿ

ಮಗುವಿಗೆ ಜ್ವರದ ಸಿರಪ್ ಎಷ್ಟು ಎಂ.ಎಲ್. ಕೊಡಬೇಕು? ಮಾತ್ರೆ ಊಟಕ್ಕೆ ಮೊದಲೋ, ನಂತರವೋ? ಅಜ್ಜಿ ಬಿ.ಪಿ. ಮಾತ್ರೆಯ ಜೊತೆ ಈ ಮಂಡಿನೋವಿನ ಮಾತ್ರೆ ಸೇವಿಸಬಹುದೇ? ಇಂಥ ಪ್ರಶ್ನೆಗಳನ್ನು ನಾವು ಹೆಚ್ಚಾಗಿ ಕೇಳುವುದು ಡಾಕ್ಟರರಲ್ಲಿ ಅಲ್ಲ, ಮೆಡಿಕಲ್ ಶಾಪಿನಲ್ಲಿ. ಅಲ್ಲಿ ನಿಂತವರು ಸರಿಯಾಗಿ ಓದಿದವರಾಗಿದ್ದರೆ ಒಂದು ಮನೆಯ ಆರೋಗ್ಯ ಉಳಿಯುತ್ತದೆ.

ಆದರೆ ನಮ್ಮ ಮನೆಗಳಲ್ಲಿ ಫಾರ್ಮಸಿಯ ಮಾತು ಬರುವುದು ಎಂ.ಬಿ.ಬಿ.ಎಸ್. ಸೀಟು ಕೈತಪ್ಪಿದ ಮೇಲೆ. ಆಗ ಗಡಿಬಿಡಿಯಲ್ಲಿ ಯಾರೋ ಹೇಳಿದ ಕಾಲೇಜಿಗೆ ಹಣ ಕಟ್ಟಿಬಿಡುತ್ತೇವೆ. ಮಗ ಅಥವಾ ಮಗಳು ಎಸ್ಸೆಸ್ಸೆಲ್ಸಿ ಮುಗಿಸುವಾಗಲೇ ಕೆಲವು ವಿಷಯ ತಿಳಿದುಕೊಂಡರೆ ಹಣವೂ ವರ್ಷಗಳೂ ಉಳಿಯುತ್ತವೆ.

ಪಿಯುಸಿಯಲ್ಲಿ ಯಾವ ವಿಷಯ?

ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಕಡ್ಡಾಯ. ಇವುಗಳ ಜೊತೆ ಜೀವಶಾಸ್ತ್ರ ಅಥವಾ ಗಣಿತ ಇರಬೇಕು. ಇಂಗ್ಲಿಷ್ ಭಾಷೆಯನ್ನೂ ಓದಿರಬೇಕು. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಪಿಯುಸಿ ಮಾಡಿದವರಿಗೆ ಪ್ರವೇಶವಿಲ್ಲ. ಗಣಿತ ಓದಿಲ್ಲವೆಂದು ಹೆದರಬೇಕಾಗಿಲ್ಲ. ಬಿ.ಫಾರ್ಮ್‌ನ ಆರಂಭದಲ್ಲಿ ಗಣಿತ ಓದದವರಿಗೆ ಗಣಿತವನ್ನೂ, ಜೀವಶಾಸ್ತ್ರ ಓದದವರಿಗೆ ಜೀವಶಾಸ್ತ್ರವನ್ನೂ ಪ್ರತ್ಯೇಕವಾಗಿ ಕಲಿಸುತ್ತಾರೆ.

ಮೂರು ಕೋರ್ಸುಗಳು

ಡಿ.ಫಾರ್ಮ್: 2 ವರ್ಷದ ಡಿಪ್ಲೊಮಾ. ಆ ಬಳಿಕ 500 ಗಂಟೆಗಳ ಪ್ರಾಯೋಗಿಕ ತರಬೇತಿ. 2022ರ ನಿಯಮದ ಪ್ರಕಾರ ಡಿಪ್ಲೊಮಾ ಪಡೆದವರು ನೋಂದಣಿಗೆ ಮುನ್ನ ಎಕ್ಸಿಟ್ ಪರೀಕ್ಷೆಯನ್ನೂ ಪಾಸು ಮಾಡಬೇಕು. ಮೆಡಿಕಲ್ ಶಾಪ್ ನಡೆಸಲು, ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಲು ಇದು ಸಾಕು.

ಬಿ.ಫಾರ್ಮ್: 4 ವರ್ಷ, 8 ಸೆಮಿಸ್ಟರ್. ಕರ್ನಾಟಕದಲ್ಲಿ ಸರ್ಕಾರಿ ಕೋಟಾದ ಸೀಟು ಸಿಗುವುದು ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿ ಮೂಲಕ. ಇದಕ್ಕೆ ನೀಟ್ ಬೇಕಿಲ್ಲ. ಡಿ.ಫಾರ್ಮ್ ಮುಗಿಸಿದವರು ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಪ್ರತಿ ವಿಷಯದಲ್ಲೂ ಶೇ. 80 ಹಾಜರಾತಿ ಬೇಕು, ಪಾಸಾಗಲು ಶೇ. 50 ಅಂಕ ಬೇಕು. ಔಷಧ ಕಾರ್ಖಾನೆ, ಪರೀಕ್ಷಾ ಪ್ರಯೋಗಾಲಯ, ಡ್ರಗ್ಸ್ ಇನ್‌ಸ್ಪೆಕ್ಟರ್ ಹುದ್ದೆ, ಎಂ.ಫಾರ್ಮ್ ಇವೆಲ್ಲಕ್ಕೂ ದಾರಿ ಈ ಪದವಿಯೇ.

ಫಾರ್ಮ್.ಡಿ: 6 ವರ್ಷ. 5 ವರ್ಷ ಓದು, ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ರೋಗಿಗೆ ಕೊಡುವ ಔಷಧಿಗಳ ಪ್ರಮಾಣ, ಪರಸ್ಪರ ತೊಂದರೆ, ಅಡ್ಡಪರಿಣಾಮಗಳನ್ನು ನೋಡಿಕೊಳ್ಳುವ ಕೆಲಸ ಇವರದು. ಇದು ಚಿಕಿತ್ಸೆ ಬರೆದುಕೊಡುವ ವೈದ್ಯ ಪದವಿಯಲ್ಲ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ.

ಯುನಾನಿ ಫಾರ್ಮಸಿಯೇ ಬೇರೆ

ಯುನಾನಿ ಔಷಧ ತಯಾರಿಕೆಯಲ್ಲೂ ಡಿಪ್ಲೊಮಾ ಇದೆ. ನಮ್ಮ ವೈದ್ಯಪದ್ಧತಿಗೆ ಒಳ್ಳೆಯ ದವಾಸಾಜರು ಖಂಡಿತ ಬೇಕು. ಆದರೆ ಆ ಡಿಪ್ಲೊಮಾದಿಂದ 1948ರ ಫಾರ್ಮಸಿ ಕಾಯ್ದೆಯಡಿ ಫಾರ್ಮಸಿಸ್ಟ್ ಆಗಿ ನೋಂದಣಿ ಸಿಗುವುದಿಲ್ಲ. ಅಲೋಪತಿ ಮೆಡಿಕಲ್ ಶಾಪ್ ತೆರೆಯುವ ಉದ್ದೇಶವಿದ್ದರೆ ಅದನ್ನು ನಂಬಿ ಸೇರಬೇಡಿ. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿರುವ ಇಲ್ಮುಸ್ಸೈದಲಾ ಎಂಬ ಔಷಧ ತಯಾರಿಕೆಯ ಎಂ.ಡಿ. ಕೋರ್ಸು ಬಿ.ಯು.ಎಂ.ಎಸ್. ಮುಗಿಸಿದವರಿಗೆ ಮಾತ್ರ.

ಹಣ ಕಟ್ಟುವ ಮುನ್ನ ಮೂರು ಪ್ರಶ್ನೆ

1. ಈ ಕಾಲೇಜಿನ ಈ ಕೋರ್ಸಿಗೆ, ಈ ವರ್ಷಕ್ಕೆ ಭಾರತೀಯ ಫಾರ್ಮಸಿ ಪರಿಷತ್ತಿನ (ಪಿಸಿಐ) ಅನುಮತಿ ಇದೆಯೇ? ಒಂದೇ ಆವರಣದಲ್ಲಿ ಬಿ.ಫಾರ್ಮ್‌ಗೆ ಅನುಮತಿ ಇದ್ದು ಫಾರ್ಮ್.ಡಿಗೆ ಇಲ್ಲದಿರಬಹುದು. ಪಿಸಿಐ ಜಾಲತಾಣದಲ್ಲಿ ನೀವೇ ನೋಡಿ. ಬೋರ್ಡು, ಬ್ರೋಷರ್ ನಂಬಬೇಡಿ.

2. ಎಷ್ಟು ಸೀಟಿಗೆ ಅನುಮತಿ ಇದೆ? ಅದಕ್ಕಿಂತ ಹೆಚ್ಚು ಸೇರಿಸಿಕೊಂಡರೆ ತೊಂದರೆ ವಿದ್ಯಾರ್ಥಿಗೇ.

3. ತರಗತಿ ನಿಜವಾಗಿ ನಡೆಯುತ್ತದೆಯೇ? "ಕಾಲೇಜಿಗೆ ಬರಬೇಕಾಗಿಲ್ಲ, ಪರೀಕ್ಷೆ ಬರೆದರೆ ಸಾಕು" ಎನ್ನುವ ಏಜೆಂಟರಿಂದ ದೂರವಿರಿ. ಫಾರ್ಮಸಿಯನ್ನು ಮನೆಯಲ್ಲಿ ಕೂತು ಓದಲಾಗದು. ಅನುಮತಿ ಇಲ್ಲದ ಕಡೆ ಪಡೆದ ಅಂಕಪಟ್ಟಿಯಿಂದ ರಾಜ್ಯ ಫಾರ್ಮಸಿ ಪರಿಷತ್ತಿನಲ್ಲಿ ನೋಂದಣಿ ಆಗುವುದಿಲ್ಲ. ನೋಂದಣಿ ಇಲ್ಲದೆ ಚೀಟಿ ನೋಡಿ ಔಷಧಿ ಕೊಡುವುದು ಶಿಕ್ಷಾರ್ಹ ಅಪರಾಧ.

ಕಾಗದಪತ್ರ ಸಿದ್ಧವಿರಲಿ

ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಹೆಸರಿನ ವಿಷಯದಲ್ಲಿ. ಆಧಾರ್‌ನಲ್ಲಿ ಮುಹಮ್ಮದ್, ಅಂಕಪಟ್ಟಿಯಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಬರೀ "ಎಂ." ಎಂದಿರುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಉಳಿದವನ್ನೂ ಸರಿಪಡಿಸಿಕೊಳ್ಳಿ. 2ಬಿ ಮೀಸಲಾತಿ ಕೋರುವವರು ತಹಶೀಲ್ದಾರರಿಂದ ಜಾತಿ-ಆದಾಯ ಪ್ರಮಾಣಪತ್ರ ಪಡೆದಿರಬೇಕು. ಸಿಇಟಿ ಅರ್ಜಿಯಲ್ಲಿ ಅದರ ಆರ್‌ಡಿ ಸಂಖ್ಯೆ ತುಂಬಬೇಕು. ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೂ ಮೀಸಲಾತಿ ಇದೆ; ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ತನ್ನಿ. ಸಿಇಟಿ ಮೂಲಕ ಸೀಟು ಪಡೆದವರು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲ ಯೋಜನೆಯನ್ನು ವಿಚಾರಿಸಿ.

ಸರ್ಟಿಫಿಕೇಟ್ ಬಾಡಿಗೆಗಲ್ಲ

ಓದು ಮುಗಿದ ಮೇಲೆ ತಿಂಗಳಿಗಿಷ್ಟು ಹಣ ಪಡೆದು ಸರ್ಟಿಫಿಕೇಟನ್ನು ಬೇರೆಯವರ ಅಂಗಡಿಗೆ ಕೊಟ್ಟು ಮನೆಯಲ್ಲಿರುವವರಿದ್ದಾರೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ನೋಡಿ ಕೊಡಬೇಕೆಂಬುದು ಕಾನೂನು. ಅವರು ಇಲ್ಲದಾಗ ಕೆಲಸದ ಹುಡುಗ ತಪ್ಪು ಮಾತ್ರೆ ಕೊಟ್ಟು ಯಾರಿಗೋ ಅಪಾಯವಾದರೆ ಆ ಹೊಣೆ ಸರ್ಟಿಫಿಕೇಟ್ ಕೊಟ್ಟವರ ಮೇಲೂ ಇದೆ. ಹಾಗೆ ಬಂದ ಹಣ ಹಲಾಲ್ ಆಗುವುದು ಹೇಗೆಂದು ಯೋಚಿಸಿ.

ಮುಟ್ಟಿನ ತೊಂದರೆ, ಬಿಳಿಸೆರಗು, ಗರ್ಭಿಣಿಯರ ಔಷಧಿ ಇವುಗಳ ಬಗ್ಗೆ ಗಂಡಸರ ಮುಂದೆ ಬಾಯಿಬಿಡಲು ನಾಚುವ ಎಷ್ಟೋ ತಾಯಂದಿರು ಕೇಳದೆಯೇ ಮನೆಗೆ ಮರಳುತ್ತಾರೆ. ಅಲ್ಲಿ ಓದಿದ ಹೆಣ್ಣುಮಗಳೊಬ್ಬಳು ಇದ್ದರೆ ಅವರು ಕೇಳುತ್ತಾರೆ. ಮಗಳನ್ನು ಓದಿಸಿದ ಮೇಲೆ ಅವಳ ಸರ್ಟಿಫಿಕೇಟನ್ನಷ್ಟೇ ಅಂಗಡಿಗೆ ಕಳಿಸಬೇಡಿ, ಅವಳನ್ನೇ ಕಳಿಸಿ.